ಅಮಾವಾಸ್ಯೆಯ ಸಹಿ

ಎಡಗಡೆಯ ಸರಪಳಿಯ ಬುಡಕ್ಕೆ ಬಂದಾಗ ಸುಂಕಣ್ಣನ ಬೆರಳು ನಿಂತಿತು.

ಟೈರು ನೋಡಿಯಾಗಿತ್ತು. ಎಣ್ಣೆ ಅಳೆದಾಗಿತ್ತು. ಬ್ರೇಕು ತುಳಿದು, ಹಾರ್ನು ಒತ್ತಿ, ಭಾರ ಎತ್ತುವ ಎರಡೂ ಕೊಂಬುಗಳನ್ನು ಬುಡದಿಂದ ತುದಿಯವರೆಗೆ ಸವರಿ ಬಿರುಕಿಲ್ಲವೆಂದು ಖಾತ್ರಿ ಮಾಡಿಕೊಂಡಾಗಿತ್ತು. ಹನ್ನೊಂದು ವರ್ಷದಿಂದ ದಿನಾ ಬೆಳಿಗ್ಗೆ ಮಾಡುತ್ತ ಬಂದ ಕೆಲಸ. ಕಣ್ಣು ಕಟ್ಟಿ ಬಿಟ್ಟರೂ ಮಾಡಿಯಾನು.

"ಯಾಕ ನಿಂತಿ?" ಹಿಂದಿನಿಂದ ಉಜ್ಜಿನಪ್ಪ ಕೇಳಿದರು.

"ಸೀಳುಪಿನ್ನು ಇಲ್ರಿ."

ಕೊಂಬುಗಳನ್ನು ಮೇಲಕ್ಕೆಳೆಯುವ ಸರಪಳಿಯನ್ನು ಗಾಡಿಗೆ ಹಿಡಿದಿಡುವುದು ಹೆಬ್ಬೆರಳು ದಪ್ಪದ ಒಂದು ಉಕ್ಕಿನ ಪಿನ್ನು. ಅದು ಜಾರದಂತೆ ಅದರ ತುದಿಯ ತೂತಿಗೆ ಸೀಳುಪಿನ್ನು ತೂರಿಸಿ, ಎರಡೂ ಕಾಲನ್ನು ಹಿಂದಕ್ಕೆ ಮಡಚಿರುತ್ತಾರೆ. ಈಗ ಆ ತೂತಿನಲ್ಲಿ ತೆಳ್ಳಗಿನ ತಂತಿಯೊಂದಿತ್ತು. ಸುಂಕಣ್ಣ ಮಸಿಬಟ್ಟೆಯಿಂದ ಗ್ರೀಸು ಒರೆಸಿದ. ಸೈಕಲ್ ಚಕ್ರದ ಕಡ್ಡಿ.

ಅವನು ಬಲಗಡೆಗೆ ಹೋಗಿ ಅಲ್ಲಿಯೂ ಒರೆಸಿದ. ಅಲ್ಲಿಯೂ ಸೈಕಲ್ ಕಡ್ಡಿಯೇ ಇತ್ತು.

ಎಂಟು ದಿನದ ಹಿಂದೆ, ಎಳ್ಳಮಾವಾಸ್ಯೆಯ ಬೆಳಿಗ್ಗೆ, ಹಗರಿ ಕಾಟನ್ ಪ್ರೆಸ್ಸಿನ ಒಂದನೇ ನಂಬರಿನ ಫೋರ್ಕ್‌ಲಿಫ್ಟು ಎತ್ತಿ ಹಿಡಿದಿದ್ದ, ಹತ್ತಿಯನ್ನು ಒತ್ತಿ ಕಟ್ಟಿದ ಭಾರದ ಅಂಡಿಗೆಯನ್ನು ಕೈಬಿಟ್ಟು ಗೋದಾಮಿನ ಮೇಲ್ವಿಚಾರಕ ಮರಿಬಸಪ್ಪನನ್ನು ಕೊಂದಿತ್ತು. ಇದು ಎರಡನೇ ನಂಬರಿನ ಗಾಡಿ. ಎರಡೂ ಗಾಡಿಯ ತಪಾಸಣೆ ಸುಂಕಣ್ಣನದೇ, ಇದನ್ನು ಓಡಿಸುವವನೂ ಅವನೊಬ್ಬನೇ.

ಹಮಾಲರು ಈ ಯಂತ್ರಕ್ಕೆ ಕೊಂಬಿನ ಗಾಡಿ ಎಂದು ಹೆಸರಿಟ್ಟಿದ್ದರು. ಸುಂಕಣ್ಣ ಅದನ್ನು ಮೊದಲ ಸಲ ಓಡಿಸಿದ ದಿನ ಅವನ ಓಣಿಯವರೆಲ್ಲ ಗೇಟಿನಲ್ಲಿ ನಿಂತು ನೋಡಿದ್ದರು. ಅಂಥ ಗಾಡಿಯಿಂದ ಈಗ ಅವನು ಒಂದು ಹೆಜ್ಜೆ ಹಿಂದೆ ಸರಿದ. ಹೆದರಿಕೆ ಎಂದರೆ ಹೆದರಿಕೆಯೇ, ಅದಕ್ಕೆ ಬೇರೆ ಹೆಸರು ಬೇಡ.

"ಈ ಕಡ್ಡಿ ಎಷ್ಟು ತಡೀತೈತಿ?" ಉಜ್ಜಿನಪ್ಪ ಕನ್ನಡಕ ಏರಿಸಿ ಬಗ್ಗಿದರು.

"ಖಾಲಿ ಗಾಡಿ ಆದ್ರ ಒಂದೆರಡು ದಿನ ತಡದೀತ್ರಿ. ಅಂಡಿಗಿ ಎತ್ತಿದ್ರ ನಾಕೈದು ಸಲಕ್ಕ ಕತ್ತರಿಸಿ ಬೀಳ್ತೈತಿ."

"ನಿನ್ನೆ?"

"ನಿನ್ನೆ ಸೀಳುಪಿನ್ನು ಇತ್ರಿ. ನನ್ನ ಕೈಯಾರ ಮುಟ್ಟೀನಿ."

ಉಜ್ಜಿನಪ್ಪ ಕಂಟೋನ್ಮೆಂಟಿನ ಹಳೇ ಬಂಗಲೆಯೊಂದರ ಔಟ್‌ಹೌಸಿನಲ್ಲಿ ವಾಸವಾಗಿದ್ದ ನಿವೃತ್ತ ಸಬ್ ಇನ್‌ಸ್ಪೆಕ್ಟರು. ಮರಿಬಸಪ್ಪನ ಹೆಂಡತಿ ಶಿವಬಸಮ್ಮ ಮೂರು ದಿನದ ಹಿಂದೆ ಅವರ ಬಾಗಿಲಿಗೆ ಬಂದು, ನನ್ನ ಗಂಡನದು ಅಪಘಾತವಲ್ಲ ಎಂದು ಹೇಳಿ ಅಲ್ಲೇ ಕೂತುಬಿಟ್ಟಿದ್ದಳು. ಎದ್ದು ಹೋಗಲಿಲ್ಲ. ಅವಳನ್ನು ಎಬ್ಬಿಸಲಿಕ್ಕಾದರೂ ಅವರು ಒಪ್ಪಿಕೊಳ್ಳಬೇಕಾಯಿತು.

ಅವರು ಎರಡೂ ಕಡ್ಡಿ ಕೀಳಿಸಿ ಕರವಸ್ತ್ರದಲ್ಲಿ ಗಂಟು ಹಾಕಿಕೊಂಡರು. ಫಿಟ್ಟರ್ ಓಬಳೇಶ ಕರೆಯದೆಯೇ ಬಂದು ನಿಂತಿದ್ದ.

"ಸ್ಟೋರಿನ ಬೀಗದಕೈ ನನ್ನ ಹತ್ರ ಐತಿ, ಖರೆ," ಎಂದ ಅವನು, ಯಾರೂ ಕೇಳುವ ಮೊದಲೇ. "ಆದ್ರ ಸೈಕಲ್ ಕಡ್ಡಿಗೆ ಸ್ಟೋರ್ ಯಾಕ ಬೇಕ್ರಿ? ಗೇಟಿನ ಬಾಜೂಕ ನಲವತ್ತು ಸೈಕಲ್ ನಿಂತಾವು."

"ನಿಂದೂ ಐತೇನು ಅದರಾಗ?"

"ಐತ್ರಿ," ಎಂದು ಓಬಳೇಶ ಮುಖ ಗಂಟಿಕ್ಕಿದ.

ಆಫೀಸಿನ ಪಡಸಾಲೆಯಿಂದ ಮ್ಯಾನೇಜರ್ ಮಲ್ಲಯ್ಯ ಕೂಗಿ ಹೇಳಿದ, ಗೂಡ್ಸ್ ಶೆಡ್ಡಿನಲ್ಲಿ ಎರಡು ವ್ಯಾಗನ್ನು ಕಾಯುತ್ತಿವೆ, ಗಾಡಿ ಬಿಡುತ್ತೀರೋ ಇಲ್ಲವೋ ಎಂದು. ಮರಿಬಸಪ್ಪ ಸತ್ತ ದಿನವೂ ಅವನು ಮಧ್ಯಾಹ್ನಕ್ಕೆ ಇದನ್ನೇ ಕೇಳಿದ್ದನಂತೆ. ಓಬಳೇಶ ಗೊಣಗುತ್ತ ಎರಡು ಹೊಸ ಸೀಳುಪಿನ್ನು ತಂದು, ಉಜ್ಜಿನಪ್ಪನವರ ಕಣ್ಣೆದುರಿಗೇ ಹಾಕಿ ಮಡಚಿದ.

ಹಮಾಲರ ಗುಂಪಿನಿಂದ ಮೇಸ್ತ್ರಿ ಹೊನ್ನೂರಪ್ಪ ಬಂದು ಸುಂಕಣ್ಣನ ಹೆಗಲ ಮೇಲೆ ಕೈಯಿಟ್ಟ. ಹೊನ್ನೂರಪ್ಪ ಸುಂಕಣ್ಣನ ಹೆಂಡತಿ ಮಾರೆಮ್ಮನ ತಮ್ಮ. ಮೂವತ್ತರ ಗಟ್ಟಿ ಆಳು. ಆರು ವರ್ಷದಿಂದ ಅವರ ಮನೆಯಲ್ಲೇ ಇದ್ದಾನೆ.

"ಭಾವ, ನಡುಗಾಕತ್ತೀ," ಎಂದ ಅವನು ಮೆಲ್ಲಗೆ. "ಇವತ್ತು ಗಾಡಿ ಹತ್ತಬ್ಯಾಡ. ಮನಿಗೆ ಹೋಗಿ ಮಕ್ಕೋ. ಅಂಡಿಗಿ ನಾವು ಹೊತ್ತು ಹಾಕ್ತೀವಿ."

ಸುಂಕಣ್ಣ ಅವನ ಕೈಯ ಮೇಲೆ ತನ್ನ ಕೈಯಿಟ್ಟ. ಈ ಎಂಟು ದಿನದಲ್ಲಿ ಪ್ರೆಸ್ಸಿನಲ್ಲಿ ಅವನನ್ನು ಮುಟ್ಟಿ ಮಾತಾಡಿಸಿದವನು ಇವನೊಬ್ಬನೇ.

* * *

ಉಜ್ಜಿನಪ್ಪ ಮನೆಗೆ ಹೋಗಲು ಬಿಡಲಿಲ್ಲ. ಗೋದಾಮಿನ ಮೂಲೆಯ ಮೇಜಿಗೆ ಕರೆದೊಯ್ದು ತಪಾಸಣೆಯ ಪುಸ್ತಕ ಬಿಚ್ಚಿದರು.

ಎಪ್ಪತ್ತೆಂಟನೇ ಇಸವಿಯ ಪುಸ್ತಕ. ದಿನಕ್ಕೊಂದು ಹಾಳೆ. ಹಾಳೆಯ ತುಂಬ ಇಂಗ್ಲಿಷಿನಲ್ಲಿ ಅಚ್ಚು ಹಾಕಿದ ಹದಿನಾಲ್ಕು ಸಾಲು, ಸಾಲಿನ ಮುಂದೆ ಗುರುತು ಹಾಕಲು ಮನೆ, ಕೆಳಗೆ ಸಹಿ. ಸುಂಕಣ್ಣನಿಗೆ ಇಂಗ್ಲಿಷು ಬಾರದು. ಯಾವ ಸಾಲು ಗಾಡಿಯ ಯಾವ ಅಂಗಕ್ಕೆ ಎಂಬುದನ್ನು ಮರಿಬಸಪ್ಪ ಹನ್ನೊಂದು ವರ್ಷದ ಹಿಂದೆ ಹೇಳಿಕೊಟ್ಟಿದ್ದ. ಅದೇ ಕ್ರಮದಲ್ಲಿ ಸುಂಕಣ್ಣ ಗಾಡಿಯನ್ನು ಮುಟ್ಟುತ್ತ ಬರುತ್ತಿದ್ದ. ಕೊನೆಗೆ ಸಣ್ಣ ಸುತ್ತಿಗೆ ಹಿಡಿದು ಸರಪಳಿಯ ಒಂದೊಂದೇ ಕೊಂಡಿಯನ್ನು ಬಡಿದು ಸಪ್ಪಳ ಕೇಳುತ್ತಿದ್ದ. ಗಟ್ಟಿ ಕೊಂಡಿ ಟಣ್ಣೆನ್ನುತ್ತದೆ, ಬಿರುಕು ಬಿಟ್ಟದ್ದು ಹಾಗೆನ್ನುವುದಿಲ್ಲ. ಆ ಬಡಿತ ಕೇಳಿಯೇ ಗೇಟಿನಾಚೆಯ ಅಂಗಡಿಯವರು ಹೊತ್ತು ತಿಳಿಯುತ್ತಿದ್ದರು.

ಉಜ್ಜಿನಪ್ಪ ಅಮಾವಾಸ್ಯೆಯ ಹಾಳೆಯ ಮೇಲೆ ಬೆರಳಿಟ್ಟರು. ಹದಿನಾಲ್ಕಕ್ಕೆ ಹದಿನಾಲ್ಕೂ ಗುರುತು. ಕೆಳಗೆ ಸುಂಕಣ್ಣನ ಡೊಂಕು ಸಹಿ.

"ಇದು ನಿಂದ ಹೌದಲ್ಲ?"

"ಹೌದ್ರಿ."

"ಅವತ್ತು ಬೆಳಿಗ್ಗೆ ಒಂದನೇ ನಂಬರಿನ ಪಿನ್ನು ಮುಟ್ಟಿ ನೋಡಿದಿ?"

ಸುಂಕಣ್ಣ ಹಾಳೆಯನ್ನೇ ನೋಡಿದ. "ನೋಡೀನ್ರಿ."

"ಎಂಟೂವರಿಗೆ ಅದ ಪಿನ್ನು ಕಳಚಿ ಬಿತ್ತು."

ಉಜ್ಜಿನಪ್ಪ ಪುಸ್ತಕ ಮುಚ್ಚಿ ಬಗಲಲ್ಲಿಟ್ಟುಕೊಂಡರು.

"ನಾಳೆ ಹತ್ತು ಗಂಟಿಗೆ ಠಾಣೆದಾಗ ನಿನ್ನ ಹೇಳಿಕಿ ತಗೋತಾರ. ನೀ ಈಗ ಹೇಳಿದ್ದನ್ನ ಅಲ್ಲಿ ಹೇಳಿದ್ರ ನಿನಗ ಬೇಡಿ ಹಾಕೋದಕ್ಕ ಅವರಿಗೆ ಮತ್ತೇನೂ ಬೇಕಾಗಿಲ್ಲ. ಕಡೀಗೆ ಪಿನ್ನು ಮುಟ್ಟಿದವ ನೀನ. ಏಳು, ಸಿರುಗುಪ್ಪಕ್ಕ ಹೋಗೂಣು."

"ಅಲ್ಲಿ ಯಾರದಾರ್ರಿ?"

"ಚನ್ನವೀರಮ್ಮ."

ಚನ್ನವೀರಮ್ಮ ಪ್ರೆಸ್ಸಿನ ಗೇಟಿನೆದುರಿಗೆ ಚಹಾ ಮತ್ತು ಮಂಡಕ್ಕಿಯ ಅಂಗಡಿ ಇಟ್ಟಿದ್ದವಳು. ಆ ದಿನ ಬೆಳಿಗ್ಗೆ ಸುಂಕಣ್ಣ ಸರಪಳಿ ಬಡಿಯುವುದನ್ನು ಕೇಳಿದೆ ಎಂದು ಪೊಲೀಸರ ಮುಂದೆ ಹೇಳಿದವಳೂ ಅವಳೇ. ಹೇಳಿದ ಮರುದಿನವೇ ಅಂಗಡಿಗೆ ಬೀಗ ಹಾಕಿ ಸಿರುಗುಪ್ಪದ ತಂಗಿಯ ಮನೆ ಸೇರಿದ್ದಳು.

* * *

ಬಸ್ಸಿನಲ್ಲಿ ಉಜ್ಜಿನಪ್ಪ ಕಿಟಕಿ ಹಿಡಿದು ಕೂತರು. ಕರವಸ್ತ್ರದ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕಡಲೆಕಾಯಿ ಬಿಡಿಸಿ ತಿನ್ನತೊಡಗಿದರು. ಕೊಲೆಗಾರನ ಸಾಮಾನು ಮತ್ತು ಕಡಲೆಕಾಯಿ ಒಂದೇ ತೊಡೆಯ ಮೇಲಿರಬಹುದು ಎಂಬುದು ಮೂವತ್ತೆರಡು ವರ್ಷದ ನೌಕರಿಯಲ್ಲಿ ಅವರು ಕಲಿತದ್ದು.

ಸುಂಕಣ್ಣನಿಗೆ ಕಡಲೆಕಾಯಿ ಬೇಡವಾಗಿತ್ತು. ಅವನಿಗೆ ಬೇಕಾಗಿದ್ದದ್ದು ನಾಳೆ ಹತ್ತು ಗಂಟೆಗೆ ಹೇಳಲು ಒಂದು ಮಾತು. ಅದು ಸಿಗುತ್ತಿರಲಿಲ್ಲ.

ನಿಜ ಹೀಗಿತ್ತು. ಅಮಾವಾಸ್ಯೆಯ ಬೆಳಿಗ್ಗೆ ಅವನು ಪ್ರೆಸ್ಸಿನಲ್ಲೇ ಇರಲಿಲ್ಲ. ಹಿಂದಿನ ಸಂಜೆಯೇ ಕುರುಗೋಡಿಗೆ ಹೋಗಿದ್ದ. ಅಕ್ಕ ಸುಂಕಲಮ್ಮ ತನ್ನ ಊರಿನ ಸಾಲಿ ಮಾಸ್ತರನೊಬ್ಬನನ್ನು ಸುಂಕಣ್ಣನ ಮಗಳಿಗೆ ವರನೆಂದು ನೋಡಿಟ್ಟಿದ್ದಳು. ಮಗಳು ಎಸ್ಸೆಸ್ಸೆಲ್ಸಿ ಪಾಸಾದವಳು. ಆದರೆ ಅವಳು ಹುಟ್ಟಿದ ದಿನದಿಂದ ಮಾರೆಮ್ಮ ಅವಳನ್ನು ತನ್ನ ತಮ್ಮ ಹೊನ್ನೂರಪ್ಪನಿಗೆಂದೇ ಇಟ್ಟಿದ್ದಳು. ಅಕ್ಕನ ಮಗಳು ಸೋದರಮಾವನಿಗೆ ಸೇರಬೇಕಾದವಳು ಎಂಬುದರಲ್ಲಿ ಆ ಮನೆಯಲ್ಲಿ ಯಾರಿಗೂ ಅನುಮಾನವಿರಲಿಲ್ಲ. ದೀಪಾವಳಿಯಲ್ಲಿ ಸುಂಕಣ್ಣ ಬಾಯಿಬಿಟ್ಟು, ಹುಡುಗಿಯನ್ನು ಹೊರಗೆ ಕೊಡುವ ಮನಸ್ಸಿದೆ ಎಂದಾಗ ಮಾರೆಮ್ಮ ಎರಡು ದಿನ ಒಲೆ ಹಚ್ಚಲಿಲ್ಲ. ಹೊನ್ನೂರಪ್ಪ ಮಾತ್ರ ನಕ್ಕು, "ನಿನ್ನ ಮಗಳು ಭಾವ, ನಿನ್ನ ಇಷ್ಟ" ಎಂದಿದ್ದ.

ಹೀಗಾಗಿ ಮನೆಯಲ್ಲಿ ಎರಡನೇ ಪಾಳಿ ಇದೆ, ಬೆಳಗಿನ ಕೆಲಸವನ್ನೂ ಮುಗಿಸಿಯೇ ಬರುತ್ತೇನೆ ಎಂದು ಸುಳ್ಳು ಹೇಳಿ ಹೋಗಿದ್ದ. ಗೊತ್ತಿದ್ದವನು ಮರಿಬಸಪ್ಪನೊಬ್ಬ. "ಹೋಗಿ ಬಾ, ಎಂಟರೊಳಗ ಬಂದ್ರ ಸಾಕು" ಎಂದು ಅವನೇ ಕಳಿಸಿದ್ದ. ಬೆಳಿಗ್ಗೆ ಕುರುಗೋಡಿನ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಸುಂಕಣ್ಣ ಗೇಟು ಮುಟ್ಟಿದಾಗ ಒಂಬತ್ತಾಗಿತ್ತು. ಮರಿಬಸಪ್ಪನ ಮೇಲೆ ಬಟ್ಟೆ ಹೊದಿಸಿದ್ದರು. ಗಲಾಟೆಯಲ್ಲಿ ಅವನು ಒಳಗಿನಿಂದ ಬಂದನೋ ಹೊರಗಿನಿಂದ ಬಂದನೋ ಯಾರೂ ನೋಡಲಿಲ್ಲ.

ಹಾಗಾದರೆ ಪುಸ್ತಕದಲ್ಲಿ ಸಹಿ ಹೇಗೆ ಬಂತು? ಅದನ್ನು ಅವನು ಹಿಂದಿನ ದಿನವೇ ಹಾಕಿದ್ದ. ಇದ್ದೆ ಎಂದರೆ ಕೊಲೆಗಾರ. ಇರಲಿಲ್ಲ ಎಂದರೆ, ನೋಡದ ಗಾಡಿಗೆ ನೋಡಿದೆನೆಂದು ಸಹಿ ಮಾಡಿ ಒಬ್ಬನ ಪ್ರಾಣ ತೆಗೆದವನು. ನೌಕರಿ ಹೋಗುತ್ತದೆ, ಜೈಲೂ ಆಗಬಹುದು. ಜೊತೆಗೆ ಕುರುಗೋಡಿನ ವಿಷಯ ಮಾರೆಮ್ಮನಿಗೆ ತಿಳಿಯುತ್ತದೆ.

ತೆಕ್ಕಲಕೋಟೆ ದಾಟಿತು. ಕಲ್ಲುಗುಡ್ಡ ಮುಗಿದು ಕೊಯ್ದ ಭತ್ತದ ಗದ್ದೆ ಶುರುವಾಯಿತು.

"ಹೇಳೋದಿದ್ರ ಊರು ಮುಟ್ಟೋದರೊಳಗ ಹೇಳು," ಎಂದರು ಉಜ್ಜಿನಪ್ಪ, ಕಿಟಕಿಯ ಹೊರಗೆ ಸಿಪ್ಪೆ ಎಸೆಯುತ್ತ.

"ಏನೂ ಇಲ್ರಿ," ಎಂದ ಸುಂಕಣ್ಣ.

* * *

ಚನ್ನವೀರಮ್ಮ ಹಿತ್ತಲಿನ ನೆರಳಿನಲ್ಲಿ ಮೊರದ ತುಂಬ ಅಕ್ಕಿ ಇಟ್ಟುಕೊಂಡು ಕೂತಿದ್ದಳು. ಐವತ್ತೈದು ದಾಟಿದ ಹೆಂಗಸು. ಹಣೆಯ ತುಂಬ ವಿಭೂತಿ. ಸುಂಕಣ್ಣನನ್ನು ಕಂಡದ್ದೇ ಮೊರ ಹಿಡಿದು ಎದ್ದು ನಿಂತಳು.

"ಇವನ್ನ ಯಾಕ ಕರ್ಕೊಂಡು ಬಂದ್ರಿ? ಇವನಿಗೆ ಅಂಜಿ ನಾನು ಅಂಗಡಿ ಬಿಟ್ಟು ಬಂದೀನಿ."

"ನೀವು ಪೊಲೀಸರ ಮುಂದ ಹೇಳಿದ್ದನ್ನ ಇವನ ಮುಂದ ಒಂದು ಸಲ ಹೇಳ್ರಿ ಅಕ್ಕಾರ. ಆಮ್ಯಾಲ ನಾವು ಹೋಗ್ತೀವಿ."

"ಹೇಳ್ತೀನಿ. ನನಗೇನು ಭಯ?" ಎಂದಳು. ಮೊರವನ್ನು ಮಾತ್ರ ಎದೆಗೆ ಅಡ್ಡ ಹಿಡಿದಿದ್ದಳು. "ಮರಿಬಸಪ್ಪ ದಿನಾ ನನ್ನ ಕೈ ಚಾ ಕುಡಿದವ. ಅವನ ಹೆಣಾ ಅಂಡಿಗಿ ಕೆಳಗಿಂದ ಎಳಿಯೋದನ್ನ ಈ ಕಣ್ಣಿಲೆ ನೋಡೀನಿ. ಅವತ್ತು ಬೆಳಿಗ್ಗೆ ಏಳಕ್ಕ ಇವನು ಒಳಗ ಚೈನ್ ಬಡಿತಿದ್ದ. ನಾನು ಕೇಳೀನಿ."

"ಕಣ್ಣಿಲೆ ನೋಡಿದ್ರೇನು?"

"ಕಿವೀಲೆ ಕೇಳೀನಿ. ಇವನ ಬಡಿತ ನನಗ ಗೊತ್ತಿಲ್ಲೇನು? ದಸರಾಕ್ಕ ಅಂಗಡಿ ಇಟ್ಟಾಗಿಂದ ಕೇಳಾಕತ್ತೀನಿ." ಅವಳು ಸುಂಕಣ್ಣನ ಕಡೆ ತಿರುಗಿದಳು. "ಇಲ್ಲ ಅನ್ನು ನೋಡೂಣು. ನನ್ನ ಮುಖ ನೋಡಿ ಅನ್ನು."

ಸುಂಕಣ್ಣ ಅವಳ ಮುಖ ನೋಡಿದ.

"ಅಮಾಸಿ ದಿನ ನಾನು ಬಡಿಯಂಗಿಲ್ಲವ್ವ."

"ಏನು?"

"ಅಮಾಸಿ ದಿನ ಗಾಡಿಗೆ ಕಬ್ಬಿಣ ಮುಟ್ಟಸಂಗಿಲ್ಲ. ಸುತ್ತಿಗಿ ಇಲ್ಲ, ಪಾನಾ ಇಲ್ಲ. ಬರೇ ಪೂಜಿ. ತಪಾಸ ಎಲ್ಲಾ ಹಿಂದಿನ ದಿನ ಮುಗಿಸಿ, ಅಮಾಸಿ ಹಾಳಿಗೂ ಅವತ್ತ ಸಹಿ ಮಾಡಿಬಿಡ್ತೀನಿ. ಗಾಡಿ ಬಂದಾಗಿಂದ ನಮ್ಮಲ್ಲಿ ಹಂಗ ನಡಕೊಂಡು ಬಂದೈತಿ. ಮರಿಬಸಪ್ಪಗ ಗೊತ್ತು, ಓಬಳೇಶಗ ಗೊತ್ತು, ಹಮಾಲರಿಗೆಲ್ಲಾ ಗೊತ್ತು." ಅವನು ಉಜ್ಜಿನಪ್ಪನವರ ಕಡೆ ತಿರುಗಿ ಕೈ ಮುಗಿದ. "ಸುಳ್ಳು ಹೇಳಿದ್ನಿರಿ. ಅವತ್ತು ನಾನು ಊರಾಗ ಇದ್ದಿಲ್ಲ. ಕುರುಗೋಡಿಗೆ ಹೋಗಿದ್ದೆ. ಬರೋದ್ರಾಗ ಎಲ್ಲಾ ಮುಗಿದಿತ್ತು."

"ಕುರುಗೋಡಿಗೆ ಯಾಕ?"

"ಮನಿ ಕೆಲಸ ಇತ್ರಿ."

ಉಜ್ಜಿನಪ್ಪ ಅದನ್ನು ಕೆದಕಲಿಲ್ಲ. ಜಗಲಿಯ ಮೇಲೆ ಕೂತು ಪುಸ್ತಕ ಬಿಚ್ಚಿ ಎರಡು ಹಾಳೆ ತೋರಿಸಿದರು. ಚತುರ್ದಶಿಯ ಹಾಳೆಯ ಮಸಿ ಕೊನೆಯ ಸಾಲಿಗೆ ಬರುವಾಗ ತೆಳ್ಳಗಾಗಿತ್ತು. ಅಮಾವಾಸ್ಯೆಯ ಹಾಳೆ ಅದೇ ತೆಳು ಮಸಿಯಲ್ಲಿ ಶುರುವಾಗಿ, ನಾಲ್ಕನೇ ಗುರುತಿಗೆ ಪೂರ್ತಿ ಒಣಗಿ, ಐದನೆಯದರಿಂದ ಪೆನ್ಸಿಲಿನಲ್ಲಿ ಮುಂದುವರಿದಿತ್ತು.

"ಎರಡೂ ಹಾಳಿ ಒಂದ ಸಲಕ್ಕ ಕುಂತು ಬರದದ್ದು ಅಂತ ಮೊದಲ ದಿನಾನ ತಿಳಿದಿತ್ತು. ಯಾಕ ಅಂತ ತಿಳಿದಿದ್ದಿಲ್ಲ. ನೀ ಹೇಳಲಿ ಅಂತ ಸಿರುಗುಪ್ಪದ ತನಕ ಬಸ್ ಚಾರ್ಜು ಕೊಟ್ಟೆ."

ಸುಂಕಣ್ಣ ಅಲ್ಲೇ ನೆಲದ ಮೇಲೆ ಕೂತ. ಅಳು ಬಂತು. ಅತ್ತ. ಚನ್ನವೀರಮ್ಮ ಮೊರ ಕೆಳಗಿಟ್ಟಳು.

"ಹಂಗಾದ್ರ ಬಡಿದವರು ಯಾರು?" ಎಂದಳು ಅವಳು, ಧ್ವನಿ ಇಳಿಸಿ. "ನಾನು ಸುಳ್ಳು ಕೇಳಿಲ್ಲ. ಅಮಾಸಿ ದಿನ ನಾನು ಅಂಗಡಿ ತೆಗಿಯೋದು ಹತ್ತಕ್ಕ. ಅವತ್ತು ಲಾರಿಯವರು ಬಂದು ಕದ ಬಡಿದ್ರು ಅಂತ ಲಗೂ ತೆಗದೆ. ಬಡಿತ ಕೇಳಿದ್ದು ಖರೆ."

"ದಿನದಂಗ ಇತ್ತೇನು ಬಡಿತ?"

ಅವಳು ಕಣ್ಣು ಮುಚ್ಚಿ ನೆನಪು ಮಾಡಿಕೊಂಡಳು. "ಇವನು ಬಡಿಯೋದು ಸಣ್ಣಗ. ಹಾಲು ಉಕ್ಕೋತನಕ ನಡಿತೈತಿ. ಅವತ್ತು ಜೋರಿತ್ತು. ನಾಕೈದು ಪೆಟ್ಟು. ಸುಮ್ಮನಾತು. ಮತ್ತ ನಾಕೈದು. ಅಷ್ಟ."

"ಒಂದು ಕಡೀಗೆ ನಾಕೈದು, ಇನ್ನೊಂದು ಕಡೀಗೆ ನಾಕೈದು," ಎಂದರು ಉಜ್ಜಿನಪ್ಪ. "ಪಿನ್ನು ಸಡಿಲ ಮಾಡಾಕ ಅಷ್ಟು ಸಾಕು. ಅಲ್ಲೇನು ಸುಂಕಣ್ಣ?"

ಸುಂಕಣ್ಣ ತಲೆಯಾಡಿಸಿದ. ಪೂಜೆಯ ದಿನ ಯಾರೂ ಆ ಪಿನ್ನು ನೋಡುವುದಿಲ್ಲ ಎಂದು ಗೊತ್ತಿದ್ದವನೇ ಆ ಕೆಲಸ ಮಾಡಿದ್ದ.

"ಆ ಹೊತ್ತಿನಾಗ ಯಾರಾದ್ರೂ ಒಳಗ ಹೋಗಿದ್ದು, ಹೊರಗ ಬಂದಿದ್ದು ನೋಡಿದ್ರೇನು ಅಕ್ಕಾರ?"

ಚನ್ನವೀರಮ್ಮ ಸುಂಕಣ್ಣನನ್ನು ಒಮ್ಮೆ ನೋಡಿ, ಅಕ್ಕಿಯಲ್ಲಿ ಕಲ್ಲು ಹುಡುಕತೊಡಗಿದಳು. "ಇಲ್ರಿ. ನಾನು ಒಲಿ ಮುಂದ ಇದ್ದೆ."

ಉಜ್ಜಿನಪ್ಪ ಬೇರೆ ದಿಕ್ಕಿನಿಂದ ಬಂದರು.

"ಅಮಾಸಿ ಪೂಜಿ ಹೆಂಗ ಮಾಡ್ತೀರಿ? ಒಂದೊಂದಾಗಿ ಹೇಳು."

"ಒಂದನೇ ನಂಬರಿನ ಗಾಡಿ ತೊಳಿತೀನ್ರಿ. ಅರಿಷಿಣ ಕುಂಕುಮ ಹಚ್ಚತೀನಿ. ಆಮ್ಯಾಲ ಮೊದಲನೇ ಅಂಡಿಗಿ ಎತ್ತಿ, ಆಳೆತ್ತರಕ್ಕ ಹಿಡದು, ಗಾಡಿ ಬಂದ್ ಮಾಡಿ ಇಳೀತೀನಿ. ಮೊದಲನೇ ಎತ್ತು ದೇವಿಗೆ. ಕೊಂಬಿನ ಕೆಳಗ ಕುಂತು ಕರ್ಪೂರ ಹಚ್ಚಿ ಕಾಯಿ ಒಡಿತೀನಿ."

"ಎತ್ತಿದ ಅಂಡಿಗಿ ಕೆಳಗ?"

"ಹೌದ್ರಿ."

"ಉಳಿದ ದಿನ ಅಲ್ಲಿ ಯಾರಾದ್ರೂ ನಿಂತ್ರ?"

"ಬೈತೀನ್ರಿ. ಒಬ್ಬಗ ಹೊಡದೂ ಹೊಡದೀನಿ." ಹೇಳುತ್ತ ಹೇಳುತ್ತ ಸುಂಕಣ್ಣನ ಮಾತು ನಿಧಾನವಾಯಿತು. ತಾನು ಏನು ಹೇಳುತ್ತಿದ್ದೇನೆಂಬುದು ಅವನಿಗೇ ಈಗ ಕೇಳಿಸಿತು.

"ಪೂಜಿ ಮಾಡೋದು ಯಾವಾಗಲೂ ಯಾರು?"

"ನಾನ್ರಿ."

"ಹನ್ನೊಂದು ವರ್ಷ?"

"ಹನ್ನೊಂದು ವರ್ಷ ನಾನ. ಅವತ್ತು ನಾನು ಬರಲಿಲ್ಲ ಅಂತ ಮರಿಬಸಪ್ಪ ಪೂಜಿಗೆ ಕುಂತ."

ಉಜ್ಜಿನಪ್ಪ ಪುಸ್ತಕ ಮುಚ್ಚಿದರು.

"ಮರಿಬಸಪ್ಪನ್ನ ಕೊಲ್ಲಾಕ ಯಾರಿಗೂ ಕಾರಣ ಇಲ್ಲ ಅಂತ ಮೂರು ದಿನದಿಂದ ತಲಿ ಕೆಡಿಸಿಕೊಂಡಿದ್ದೆ," ಎಂದರು ಉಜ್ಜಿನಪ್ಪ. "ಕಾರಣ ಇದ್ದಿಲ್ಲ ಯಾಕಂದ್ರ ಅದು ಅವನಿಗೆ ಇಟ್ಟದ್ದಲ್ಲ. ನಿನಗ ಇಟ್ಟದ್ದು. ನೀನು ಊರಾಗ ಇಲ್ಲ ಅನ್ನೋದು ಇಟ್ಟವನಿಗೆ ತಿಳಿದಿದ್ದಿಲ್ಲ. ಅದಕ್ಕ ಇವತ್ತು ಎರಡನೇ ಗಾಡಿಗೆ ಕೈ ಹಾಕ್ಯಾನ."

ಇದುವರೆಗೆ ಸುಂಕಣ್ಣ ಹೆದರಿದ್ದು ಬೇಡಿಗೆ, ಠಾಣೆಗೆ, ಹೆಂಡತಿಯ ಬಾಯಿಗೆ. ಅವೆಲ್ಲ ಒಮ್ಮೆಲೇ ಸಣ್ಣವಾದವು. ಯಾರೋ ಒಬ್ಬ ತನ್ನನ್ನು ಸಾಯಿಸಲು ಕೂತು ಲೆಕ್ಕ ಹಾಕಿದ್ದ, ತಾನು ದೇವರಿಗೆ ಕೈ ಮುಗಿಯುವ ಹೊತ್ತನ್ನೇ ಆರಿಸಿಕೊಂಡಿದ್ದ. ತಪ್ಪಿದರೂ ಬಿಟ್ಟಿರಲಿಲ್ಲ.

"ಯಾರ ಹೊಟ್ಟಿ ಮ್ಯಾಲ ಕಾಲಿಟ್ಟಿ? ನೆನಪು ಮಾಡಿಕೋ," ಎಂದು ಉಜ್ಜಿನಪ್ಪ ಎದ್ದರು. "ನಾನು ಎದುರಿನ ರೈಸ್‌ಮಿಲ್ಲಿನಾಗ ಒಂದು ಫೋನ್ ಮಾಡಿ ಬರ್ತೀನಿ. ಅಕ್ಕಾರ, ಇವನಿಗೊಂದು ಲೋಟ ಚಾ ಕೊಡ್ರಿ. ಮುಖ ನೋಡ್ರಿ, ಬಿಳಚಿಕೊಂಡೈತಿ."

* * *

ಚನ್ನವೀರಮ್ಮ ಚಹಾ ತಂದಳು. ಕೊಡಲಿಲ್ಲ. ಬಾಗಿಲ ಕಡೆ ನೋಡಿ, ಉಜ್ಜಿನಪ್ಪ ರಸ್ತೆ ದಾಟುವವರೆಗೆ ಕಾದಳು.

"ಸುಂಕಣ್ಣ, ಮನಿ ಮಾತು ಪೊಲೀಸರ ಮುಂದ ಬ್ಯಾಡ ಅಂತ ಸುಮ್ಮನಾದೆ. ನಾನು ಒಬ್ಬನ್ನ ನೋಡೀನಿ."

"ಯಾರನ್ನವ್ವ?"

"ಬಡಿತ ನಿಂತ ಮ್ಯಾಲ ಗೇಟಿನಿಂದ ಹೊರಗ ಬಂದ. ಎರಡೂ ಕೈಗೆ ಗ್ರೀಸು. ಹತ್ತಿ ಚಿಂದಿಲೆ ಒರಸ್ಕೋತ ಬಂದು ಚಾ ಕೇಳಿದ. ಹಬ್ಬದ ದಿನ ಇಷ್ಟು ಲಗೂ ಏನಪಾ ಸಪ್ಪಳ ಅಂತ ನಾನ ಕೇಳಿದೆ. 'ನಮ್ಮ ಭಾವ ಒಳಗ ಚೈನ್ ಬಡಿಯಾಕತ್ಯಾನ' ಅಂದ. ಚಾ ಕುಡದು ಹಮಾಲರನ್ನ ಕಟ್ಟಿಕೊಂಡು ಗೂಡ್ಸ್ ಶೆಡ್ಡಿಗೆ ಹೋದ. ಅವನ ಮಾತು ನಂಬಿ, ಬಡಿದವ ನೀನ ಅಂತ ಪೊಲೀಸರ ಮುಂದ ಆಣಿ ಮಾಡಿ ಹೇಳೀನಿ."

ಸುಂಕಣ್ಣ ಲೋಟಕ್ಕೆ ಚಾಚಿದ ಕೈ ಹಾಗೆಯೇ ಇತ್ತು.

"ಹೊನ್ನೂರಪ್ಪ," ಎಂದಳು ಚನ್ನವೀರಮ್ಮ. "ನಿನ್ನ ಹೆಂಡತಿ ತಮ್ಮ."

ಅವಳು ಲೋಟವನ್ನು ಅವನ ಕೈಗೆ ಹಿಡಿಸಿದಳು. ಚಹಾ ಬಿಸಿಯಿತ್ತು, ಅವನಿಗೆ ತಿಳಿಯಲಿಲ್ಲ. ಎಂಟು ದಿನ ಆ ಮನುಷ್ಯನ ಪಕ್ಕದಲ್ಲಿ ಕೂತು ಉಂಡಿದ್ದ. ಅವನ ಹಾಸಿಗೆಯಿಂದ ನಾಲ್ಕು ಮಾರು ದೂರದಲ್ಲಿ ಮಲಗಿದ್ದ. ಇವತ್ತು ಬೆಳಿಗ್ಗೆ ಹೆಗಲ ಮೇಲೆ ಬಿದ್ದ ಕೈಯ ತೂಕ ಇನ್ನೂ ಅಲ್ಲೇ ಇದ್ದಂತಿತ್ತು.

ಮಾರೆಮ್ಮ ಆ ತಮ್ಮನನ್ನು ಮೂರು ವರ್ಷದ ಕೂಸಿನಿಂದ ಎತ್ತಿ ಸಾಕಿದವಳು. ಅವನ ಹೆಸರನ್ನು ತಾನು ಬಾಯಿಬಿಟ್ಟು ಹೇಳಿದರೆ ಅವಳು ನಂಬುವುದಿಲ್ಲ. ಮಗಳನ್ನು ಕೊಡಲು ಮನಸ್ಸಿಲ್ಲದೆ ತಮ್ಮನನ್ನು ಗಲ್ಲಿಗೆ ಹಾಕಿಸಿದೆ ಎನ್ನುತ್ತಾಳೆ. ಅವನೊಂದಿಗೇ ಎರಡು ಮಾತಾಡಿ ನೋಡಿದರೆ? ಮುಖಾಮುಖಿ ಕೇಳಿದರೆ? ಮನೆಯೊಳಗೇ ಮುಗಿದು ಹೋದರೆ? ಹೆದರಿದ ಮನುಷ್ಯನಿಗೆ ಹೀಗೆಲ್ಲ ಅನಿಸುತ್ತದೆ.

ಬಸ್ ಸ್ಟ್ಯಾಂಡಿನಲ್ಲಿ ಉಜ್ಜಿನಪ್ಪ ಆಗಲೇ ಸೀಟು ಹಿಡಿದು ಕೂತಿದ್ದರು.

"ಮುದುಕಿ ಏನಾರ ಅಂದ್ಲೇನು ನಾ ಹೋದ ಮ್ಯಾಲ?"

ಸುಂಕಣ್ಣ ಪಕ್ಕದಲ್ಲಿ ಕೂತ. "ಏನಿಲ್ರಿ. ಚಾ ಕೊಟ್ರು."

"ಛಲೋ ಆತು." ಬಸ್ಸು ಹೊರಟಿತು. ಉಜ್ಜಿನಪ್ಪ ಟಿಕೆಟ್ಟನ್ನು ಗಡಿಯಾರದ ಪಟ್ಟಿಗೆ ಸಿಕ್ಕಿಸಿಕೊಂಡು ಆರಾಮವಾಗಿ ಹಿಂದಕ್ಕೆ ಒರಗಿದರು. "ಪ್ರೆಸ್ಸಿಗೆ ಲೈನು ಲಗೂನ ಸಿಕ್ತು. ನಾಳೆ ಹತ್ತು ಗಂಟೆತನಕ ನಿನ್ನ ಒಬ್ಬನ್ನ ಬಿಡೋದು ಸರಿಯಲ್ಲ. ಅವತ್ತು ಅಂಡಿಗಿ ಬಿದ್ದ ಹೊತ್ತಿನಾಗ ಗೂಡ್ಸ್ ಶೆಡ್ಡಿನಾಗ ಇದ್ದವ ಅಂತ ಹತ್ತು ಮಂದಿ ಹೇಳಿದ್ದು ಒಬ್ಬನ ಬಗ್ಗೆ. ಅದಕ್ಕ ಹೊನ್ನೂರಪ್ಪನ್ನ ಫೋನಿಗೆ ಕರಸಿದೆ."

ಸುಂಕಣ್ಣ ತಿರುಗಿ ನೋಡಿದ.

"ಎಲ್ಲಾ ಹೇಳೀನಿ ಅವಗ. ನೀನು ಅವತ್ತು ಕುರುಗೋಡಿನಾಗ ಇದ್ದದ್ದು, ಆ ಅಂಡಿಗಿ ನಿನಗ ಇಟ್ಟದ್ದು, ಚನ್ನವೀರಮ್ಮ ಸಪ್ಪಳ ಕೇಳಿದ್ದು. ಪಾಪ, ಗಾಬರಿ ಬಿದ್ದ. ಆಮ್ಯಾಲ ಎರಡ ಮಾತು ಕೇಳಿದ. ನೀನು ಕುರುಗೋಡಿಗೆ ಯಾಕ ಹೋಗಿದ್ದಿ ಅಂತ ಒಂದು. ಚನ್ನವೀರಮ್ಮ ಸಿರುಗುಪ್ಪದಾಗ ಯಾವ ಓಣಿಯಾಗ ಇರ್ತಾಳ ಅಂತ ಒಂದು."

"ಹೇಳಿದ್ರೇನ್ರಿ?"

"ಓಣಿ ಹೇಳಿದೆ. ಮೊದಲು ನಮ್ಮ ಬಸ್ಸಿಗೆ ಬಂದು ನಿನ್ನ ಕರ್ಕೊಂಡು ಹೋಗ್ತೀನಿ ಅಂದ್ಯಾನ, ಬಳ್ಳಾರಿ ಸ್ಟ್ಯಾಂಡಿನಾಗ ನಿಂತಿರ್ತಾನ." ಉಜ್ಜಿನಪ್ಪ ಕಣ್ಣು ಮುಚ್ಚಿದರು. "ಮನಿಯವ ಒಬ್ಬ ಜೊತಿಗಿದ್ರ ನನಗೂ ನಿಶ್ಚಿಂತಿ."

ಸುಂಕಣ್ಣ ಚನ್ನವೀರಮ್ಮನ ಓಣಿಯ ಕಡೆ ತಿರುಗಿ ನೋಡಿದ. ಬಸ್ಸು ಊರಿನ ಕೊನೆಯ ರೈಸ್‌ಮಿಲ್ಲು ದಾಟಿ ಬಳ್ಳಾರಿಯ ರಸ್ತೆ ಹಿಡಿಯಿತು.